ಲಕ್ವಾ ಹೊಡೆದ ಮೇಲೆ ಕುರ್ಚಿ ಯಾರದು?

ನಮ್ಮ ಕಾಕಾ ಬೈಕಿನಿಂದ ಬಿದ್ದದ್ದು ಕೆರೂರು ಇನ್ನೇನು ಎರಡು ಕಿಲೋಮೀಟರ್ ಇದೆ ಅನ್ನುವಾಗ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ, ಸಂಜೆ ಹೊತ್ತು. ನಾಯಿ ಅಡ್ಡ ಬಂತು, ಗಾಡಿ ಜಾರಿತು, ತಲೆ ಡಾಂಬರಿಗೆ ಬಡಿಯಿತು. ಹೆಲ್ಮೆಟ್ ಇತ್ತು, ಪೆಟ್ರೋಲ್ ಟ್ಯಾಂಕಿನ ಮೇಲೆ. ರಕ್ತ ಬರಲಿಲ್ಲ, ಎಚ್ಚರ ತಪ್ಪಲಿಲ್ಲ. ತಾವೇ ಗಾಡಿ ಎತ್ತಿ ನಿಲ್ಲಿಸಿ, ಮನೆಗೆ ಬಂದು, ಊಟ ಮಾಡಿ ಮಲಗಿದರು. ಮರುದಿನ ಬೆಳಿಗ್ಗೆ ಎಡಗೈಯಲ್ಲಿ ಹಿಡಿದ ಚಹಾ ಕಪ್ಪು ಜಾರಿ ಬಿತ್ತು. ಎರಡನೇ ಕಪ್ಪೂ ಬಿತ್ತು. ಆಮೇಲೆ ಅವ್ವ ನೋಡಿದಳು, ಕಾಕಾನ ಬಾಯಿ ಒಂದು ಕಡೆ ವಾಲಿತ್ತು.

ಬಾಗಲಕೋಟೆಗೆ ಕರೆದುಕೊಂಡು ಹೋದೆವು. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಎಂ.ಆರ್.ಐ. ಮಾಡಿದಾಗ ಮಿದುಳಿನ ಬಲಭಾಗದ ತೀರಾ ಒಳಗೆ ಒಂದು ಸಣ್ಣ ಜಾಗ ರಕ್ತ ಸಿಗದೆ ಸತ್ತಿರುವುದು ಗೊತ್ತಾಯಿತು. ಲಕ್ವಾ. ಬಿ.ಪಿ., ಶುಗರ್ ಇರುವ ವಯಸ್ಸಾದವರಿಗೆ ಮಾತ್ರ ಬರುವುದು ಅಂದುಕೊಂಡಿದ್ದ ಕಾಯಿಲೆ 41 ವರ್ಷದ ಗಟ್ಟಿ ಮನುಷ್ಯನಿಗೆ ಬಂದಿತ್ತು.

ಐದು ತಿಂಗಳಲ್ಲಿ ಕಾಕಾ ನಡೆದಾಡುವಂತಾದರು. ಮಾತು ಸ್ವಲ್ಪ ತೊದಲುತ್ತಿತ್ತು, ಎಡಗೈ ಹಿಡಿತ ಪೂರ್ತಿ ಬಂದಿರಲಿಲ್ಲ. ಆದರೆ ಲೆಕ್ಕ ಹಾಗೇ ಇತ್ತು. ನಾನು ಕ್ಯಾಲ್ಕುಲೇಟರ್ ತೆಗೆಯುವುದರೊಳಗೆ ಚೀಲದ ಲೆಕ್ಕ ಬಾಯಲ್ಲೇ ಹೇಳುತ್ತಿದ್ದರು. ಅವರು ಕೆಲಸ ಮಾಡುತ್ತಿದ್ದದ್ದು ಒಂದು ಖಾಸಗಿ ಗೋದಾಮಿನಲ್ಲಿ, ಹನ್ನೊಂದು ವರ್ಷದಿಂದ ಅಲ್ಲಿನ ಲೆಕ್ಕ ಬರೆಯುವವರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಅವರ ಕುರ್ಚಿಯಲ್ಲಿ ಬೇರೆ ಹುಡುಗ ಕೂತಿದ್ದ. ಮಾಲಕರು ಚಹಾ ತರಿಸಿದರು, ಆರೋಗ್ಯ ವಿಚಾರಿಸಿದರು, ಇನ್ನು ಆರಾಮ ಮಾಡಬೇಕು ಎಂದು ಹೇಳಿ ಕಳಿಸಿದರು.

ಆ ರಾತ್ರಿ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಅಜ್ಜ ಒಂದೇ ಮಾತು ಆಡಿದರು, ವೀರೇಂದ್ರ ಪಾಟೀಲರಿಗೂ ಹೀಗೇ ಮಾಡಿದ್ದರು ಎಂದು. ನನಗೆ ಆ ಹೆಸರು ಗೊತ್ತಿದ್ದದ್ದು ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಮಾತ್ರ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಗೆಳೆಯರು ಬಾಯಿಪಾಠ ಮಾಡುತ್ತಾರಲ್ಲ, 1968, 1989, ಎರಡು ಸಲ, ಅಷ್ಟೇ. ಅಜ್ಜನಿಗೆ ಮಾತ್ರ ಅವರು ಪಟ್ಟಿಯ ಹೆಸರಲ್ಲ. 1980ರಲ್ಲಿ ನಮ್ಮ ಬಾಗಲಕೋಟೆ ಲೋಕಸಭಾ ಕ್ಷೇತ್ರದಿಂದ ಗೆದ್ದುಹೋದವರು ಅವರೇ, ಅಜ್ಜ ಅವರಿಗೇ ಓಟು ಹಾಕಿದ್ದರು.

ಪರೀಕ್ಷೆ ಮುಗಿದ ಮೇಲೆ ಕೂತು ಅವರ ಬಗ್ಗೆ ಓದಿದೆ. ಓದುತ್ತಾ ಹೋದಂತೆ, ಇಷ್ಟು ದೊಡ್ಡ ಕಥೆ ಎರಡು ಇಸವಿಗಳಲ್ಲಿ ಹೇಗೆ ಅಡಗಿ ಕೂತಿತ್ತು ಅನ್ನಿಸಿತು.

ವೀರೇಂದ್ರ ಪಾಟೀಲರು ಹುಟ್ಟಿದ್ದು 1924ರ ಫೆಬ್ರುವರಿ 28ರಂದು, ಕಲಬುರಗಿ ಜಿಲ್ಲೆಯ ಚಿಂಚೋಳಿಯವರು. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ಓದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ, ಕಾನೂನು ಓದಿ ವಕೀಲರಾದರು. ರಾಜ್ಯ ಏಕೀಕರಣವಾದ ಮರುವರ್ಷ, 1957ರಲ್ಲಿ, ಚಿಂಚೋಳಿಯಿಂದ ವಿಧಾನಸಭೆಗೆ ಬಂದರು. ಎಸ್. ನಿಜಲಿಂಗಪ್ಪನವರ ಕಣ್ಣಿಗೆ ಬಿದ್ದರು. ಅದೇ ಕಾಲಕ್ಕೆ ಉತ್ತರ ಕನ್ನಡದ ರಾಮಕೃಷ್ಣ ಹೆಗಡೆಯವರೂ ನಿಜಲಿಂಗಪ್ಪನವರ ನೆರಳಲ್ಲೇ ಬೆಳೆಯುತ್ತಿದ್ದರು. ಇಬ್ಬರನ್ನೂ ಸೇರಿಸಿ ಜನ ಲವ-ಕುಶ ಎಂದು ಕರೆಯುತ್ತಿದ್ದರಂತೆ.

ಇಲ್ಲಿ ನಮ್ಮೂರಿನ ಸುದ್ದಿ ಒಂದು ಹೇಳಲೇಬೇಕು. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಪಕ್ಷ ಗೆದ್ದಿದೆ, ನಾಯಕ ಸೋತಿದ್ದಾರೆ. ಆಗ ಮುಖ್ಯಮಂತ್ರಿಯಾದವರು ಎಸ್.ಆರ್. ಕಂಠಿ, ನಮ್ಮ ಕೆರೂರಿನಲ್ಲೇ ಹುಟ್ಟಿದವರು. ಮಾರ್ಚ್ 14ರಿಂದ ಜೂನ್ 20ರವರೆಗೆ, ಮೂರು ತಿಂಗಳು ಚಿಲ್ಲರೆ, ಅವರು ಆ ಕುರ್ಚಿಯಲ್ಲಿ ಕೂತರು. ಅಷ್ಟರಲ್ಲಿ ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿಬಂದರು, ಕಂಠಿಯವರು ಎದ್ದು ಕುರ್ಚಿ ಬಿಟ್ಟುಕೊಟ್ಟರು, ಮಂತ್ರಿಯಾಗಿ ಅದೇ ಸಂಪುಟದಲ್ಲಿ ಕೆಲಸ ಮಾಡಿದರು. ಸಣ್ಣವನಿದ್ದಾಗ ಈ ಕಥೆ ಕೇಳಿ ನಮ್ಮೂರಿನವರು ಇಷ್ಟು ಮೆತ್ತಗೆ ಯಾಕಿದ್ದರು ಎಂದು ನನಗೆ ಸಿಟ್ಟು ಬರುತ್ತಿತ್ತು. ಕಾಕಾ ಗೋದಾಮಿನಿಂದ ವಾಪಸ್ ಬಂದ ದಿನದಿಂದ ಸಿಟ್ಟು ಹೋಗಿದೆ.

1968ರಲ್ಲಿ ನಿಜಲಿಂಗಪ್ಪನವರು ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾಗಿ ದಿಲ್ಲಿಗೆ ಹೋದಾಗ ಮುಖ್ಯಮಂತ್ರಿ ಪದವಿ ವೀರೇಂದ್ರ ಪಾಟೀಲರಿಗೆ ಬಂತು. ಆಗ ಅವರಿಗೆ 44 ವರ್ಷ. ಮರುವರ್ಷವೇ ಕಾಂಗ್ರೆಸ್ ಒಡೆಯಿತು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ನಿಜಲಿಂಗಪ್ಪನವರಂಥ ಹಳಬರು. ಪಾಟೀಲರು ತಮ್ಮನ್ನು ಬೆಳೆಸಿದವರ ಕಡೆ ನಿಂತರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ ಇಂದಿರಾ ಕಡೆಗೆ ಹೋದವು. ಶಾಸಕರು ಸಾಲುಗಟ್ಟಿ ಆ ಕಡೆ ಹೊರಟರು. ಮಾರ್ಚ್ 18ಕ್ಕೆ ಅವರ ಸರಕಾರ ಹೋಯಿತು.

ಆಮೇಲಿನ ಏಳೆಂಟು ವರ್ಷ ರಾಜ್ಯಸಭೆ, ವಿರೋಧ ಪಕ್ಷ. 1978ರ ನವೆಂಬರಿನಲ್ಲಿ ಅವರಿಗೆ ಇಡೀ ದೇಶ ನೋಡುವಂಥ ಸೋಲು ಕಾದಿತ್ತು. ತುರ್ತು ಪರಿಸ್ಥಿತಿಯ ನಂತರ ಸೋತು ಕೂತಿದ್ದ ಇಂದಿರಾ ಗಾಂಧಿಗೆ ಲೋಕಸಭೆಗೆ ಮರಳಲು ಒಂದು ಕ್ಷೇತ್ರ ಬೇಕಿತ್ತು. ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರನ್ನು ಬಿಟ್ಟುಕೊಟ್ಟರು. ಜನತಾ ಪಕ್ಷ ಅವರ ಎದುರು ನಿಲ್ಲಿಸಿದ್ದು ವೀರೇಂದ್ರ ಪಾಟೀಲರನ್ನು. ಬಯಲುಸೀಮೆಯ ಚಿಂಚೋಳಿಯ ಮನುಷ್ಯ ಕಾಫಿ ತೋಟಗಳ ನಡುವೆ ಓಟು ಕೇಳಿದರು. ಜಾರ್ಜ್ ಫರ್ನಾಂಡಿಸ್ ಅವರ ಪರ ಓಡಾಡಿದರು. ಇಂದಿರಾ ಸುಮಾರು 77 ಸಾವಿರ ಮತಗಳಿಂದ ಗೆದ್ದರು.

ಇದಾಗಿ ವರ್ಷ ಚಿಲ್ಲರೆಯಲ್ಲಿ ಪಾಟೀಲರು ಅದೇ ಇಂದಿರಾ ಗಾಂಧಿಯವರ ಪಕ್ಷ ಸೇರಿದ್ದರು, ಅವರ ಟಿಕೆಟ್ ಮೇಲೆ ಬಾಗಲಕೋಟೆಯಲ್ಲಿ ನಿಂತಿದ್ದರು. ಇದು ನನಗೆ ಇವತ್ತಿಗೂ ಸರಿಯಾಗಿ ಜೀರ್ಣವಾಗಿಲ್ಲ. 1971ರಲ್ಲಿ ಅಧಿಕಾರ ಹೋದರೂ ಪರವಾಗಿಲ್ಲ ಎಂದು ನಿಂತ ಮನುಷ್ಯ 1980ಕ್ಕೆ ಹೀಗೇಕೆ? ಅಜ್ಜನನ್ನು ಕೇಳಿದರೆ, ರಾಜಕೀಯದಲ್ಲಿ ಮನೆ ಬದಲಾಯಿಸದವರು ಯಾರಿದ್ದಾರೆ ಎಂದು ನಗುತ್ತಾರೆ. ಕೇಂದ್ರದಲ್ಲಿ ಪಾಟೀಲರು ಪೆಟ್ರೋಲಿಯಂ, ಹಡಗು ಮತ್ತು ಸಾರಿಗೆ, ಆಮೇಲೆ ಕಾರ್ಮಿಕ ಖಾತೆ ನೋಡಿಕೊಂಡರು. 1984ರಲ್ಲಿ ಕಲಬುರಗಿಯಿಂದ ಮತ್ತೆ ಲೋಕಸಭೆಗೆ ಹೋದರು.

ಅಷ್ಟರಲ್ಲಿ ಇತ್ತ ಕರ್ನಾಟಕದಲ್ಲಿ ಲವ-ಕುಶರಲ್ಲಿ ಇನ್ನೊಬ್ಬರಾದ ಹೆಗಡೆ ಮುಖ್ಯಮಂತ್ರಿಯಾಗಿ, ಕಾಂಗ್ರೆಸ್ ನೆಲಕಚ್ಚಿತ್ತು. ಅದನ್ನು ಎತ್ತಿ ನಿಲ್ಲಿಸುವ ಕೆಲಸ ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿ ವೀರೇಂದ್ರ ಪಾಟೀಲರಿಗೆ ಬಂತು. 1989ರ ಚುನಾವಣೆಯಲ್ಲಿ 224ರಲ್ಲಿ 178 ಸ್ಥಾನ ಕಾಂಗ್ರೆಸ್ಸಿಗೆ ಬಂದವು. ದೇಶದಲ್ಲಿ ರಾಜೀವ್ ಗಾಂಧಿ ಅಧಿಕಾರ ಕಳೆದುಕೊಂಡ ಅದೇ ಹೊತ್ತಿನಲ್ಲಿ ಬಂದ ಗೆಲುವು ಇದು. ನವೆಂಬರ್ 30ರಂದು, ಮೊದಲ ಸಲ ಕುರ್ಚಿ ಬಿಟ್ಟು ಹದಿನೆಂಟೂವರೆ ವರ್ಷ ಕಳೆದ ಮೇಲೆ, ಅವರು ಮತ್ತೆ ಮುಖ್ಯಮಂತ್ರಿಯಾದರು. ವಯಸ್ಸು 65.

ವರ್ಷ ತುಂಬಲಿಲ್ಲ. 1990ರಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು.

ಕಾಕಾನದು ತಲೆಗೆ ಪೆಟ್ಟು ಬಿದ್ದು ಬಂದ ಲಕ್ವಾ, ಪಾಟೀಲರದು ಹಾಗಲ್ಲ. ಆದರೆ ಹೊರಗಿನವರು ನೋಡುವ ಕಣ್ಣು ಎರಡರಲ್ಲೂ ಒಂದೇ. ಹಾಗಾಗಿ ಆ ಕಣ್ಣಿಗೆ ಕಾಣದ್ದು ಏನು ಎಂಬುದನ್ನು, ಬಾಗಲಕೋಟೆಯ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದನ್ನು, ನನಗೆ ಅರ್ಥವಾದಂತೆ ಹೇಳುತ್ತೇನೆ. ಇಂಜಿನಿಯರಿಂಗ್ ಓದುವವನಿಗೆ ಅದು ಬೇಗ ಅರ್ಥವಾಯಿತು.

ಮಿದುಳಿಗೆ ಕುತ್ತಿಗೆಯಿಂದ ದೊಡ್ಡ ರಕ್ತನಾಳಗಳು ಬರುತ್ತವೆ. ಅವುಗಳ ಮುಖ್ಯ ಕೊಂಬೆಗಳಿಂದ, ಹೆಚ್ಚುಕಡಿಮೆ ಲಂಬಕೋನದಲ್ಲಿ, ಒಂದು ಮಿಲಿಮೀಟರಿಗಿಂತ ತೆಳುವಾದ ನಾಳಗಳು ಕವಲೊಡೆದು ಮಿದುಳಿನ ಆಳಕ್ಕೆ ಇಳಿಯುತ್ತವೆ. ದೊಡ್ಡ ಕಾಲುವೆಯಿಂದ ಹೊಲಕ್ಕೆ ತೆಗೆದ ಸಣ್ಣ ಸಣ್ಣ ಪೈಪುಗಳಂತೆ. ಒಂದು ಪೈಪು ಕಟ್ಟಿದರೆ ಆ ಪಟ್ಟಿಗೆ ನೀರಿಲ್ಲ, ಪಕ್ಕದ ಪೈಪಿನಿಂದ ಹರಿದು ಬರುವುದೂ ಇಲ್ಲದಷ್ಟು ಕಡಿಮೆ. ತಲೆ ಜೋರಾಗಿ ಬಡಿದಾಗ ಬುರುಡೆ ತಕ್ಷಣ ನಿಲ್ಲುತ್ತದೆ, ಒಳಗಿನ ಮೆತ್ತನೆಯ ಮಿದುಳು ಇನ್ನೂ ತಿರುಗುತ್ತಿರುತ್ತದೆ. ಎರಡು ಪದರಗಳು ಬೇರೆ ಬೇರೆ ವೇಗದಲ್ಲಿ ಸರಿದರೆ ಅವುಗಳ ನಡುವೆ ಕತ್ತರಿಸುವ ಬಲ ಹುಟ್ಟುತ್ತದೆ ಎಂದು ಎರಡನೇ ಸೆಮಿಸ್ಟರಿನಲ್ಲೇ ಓದಿದ್ದೆವು. ಆ ಬಲ ಬೀಳುವುದು ಇಂಥ ತೆಳು ನಾಳಗಳ ಮೇಲೆ. ನಾಳ ಹರಿದರೆ ರಕ್ತಸ್ರಾವ. ಹರಿಯದೆ ಒಳಗೋಡೆ ಮಾತ್ರ ಸೀಳಿದರೆ ಅಲ್ಲಿ ರಕ್ತ ನಿಧಾನಕ್ಕೆ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಕುತ್ತಿಗೆಯ ದೊಡ್ಡ ನಾಳದ ಒಳಗೋಡೆ ಸೀಳಿದರೂ ಹೀಗೇ, ಅಲ್ಲಿನ ಹೆಪ್ಪು ಮೇಲೆ ಹೋಗಿ ಸಿಕ್ಕಿಕೊಳ್ಳಬಹುದು. ಅದಕ್ಕೇ ಕೆಲವರಿಗೆ ಬಿದ್ದ ಕ್ಷಣ ಏನೂ ಆಗುವುದಿಲ್ಲ, ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ಕೈ ಸೋಲುತ್ತದೆ. ದೊಡ್ಡವರಲ್ಲಿ ಇದು ಅಪರೂಪ. ಸಣ್ಣ ಮಕ್ಕಳಲ್ಲಿ, ಮಂಚದಿಂದ ಬಿದ್ದಷ್ಟು ಸಣ್ಣ ಪೆಟ್ಟಿಗೂ ಹೀಗಾದ ಉದಾಹರಣೆಗಳು ಹೆಚ್ಚು.

ಲಕ್ವಾ ಬಂದ ಮೊದಲ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ ಎಂದು ನಾವೆಲ್ಲ ಕೇಳಿರುತ್ತೇವೆ. ತಲೆಗೆ ಜೋರು ಪೆಟ್ಟಾದವರಿಗೆ ಅದನ್ನು ಕೊಡಲು ಡಾಕ್ಟರುಗಳು ಹಿಂಜರಿಯುತ್ತಾರೆ, ಒಳಗೆ ರಕ್ತಸ್ರಾವವಾಗುವ ಭಯ. ಹಾಗಾಗಿ ಬಿದ್ದವರು ಬಿದ್ದದ್ದನ್ನು ಮುಚ್ಚಿಡದೆ ಹೇಳಬೇಕು. ಕಾಕಾ ಮೊದಲು ಹೇಳಲೇ ಇಲ್ಲ, ಅವ್ವ ಅಂಗಿಯ ಮಣ್ಣು ನೋಡಿ ಹೇಳಿದಳು.

ಆಳದ ಭಾಗದ ಇನ್ನೊಂದು ವಿಶೇಷ ಕೇಳಿ ನಾನು ದಂಗಾದೆ. ಮಿದುಳಿನ ಮೇಲ್ಪದರದಿಂದ ಕೈಕಾಲುಗಳಿಗೆ ಹೋಗುವ ನರತಂತುಗಳೆಲ್ಲ ಅಲ್ಲಿ ಒಂದು ಇಕ್ಕಟ್ಟಿನ ಜಾಗದಲ್ಲಿ ಕಟ್ಟಾಗಿ ಹಾದುಹೋಗುತ್ತವೆ. ಇಡೀ ಕಟ್ಟಡದ ವೈರುಗಳು ಒಂದೇ ಕೊಳವೆಯಲ್ಲಿ ಹೋದಂತೆ. ಅಲ್ಲಿ ಕಡಲೆಕಾಳಿನಷ್ಟು ಜಾಗ ಕೆಟ್ಟರೆ ಅರ್ಧ ದೇಹ ಸೋಲಬಹುದು. ಆದರೆ ವೈರು ಹೊರಡುವ ಕೋಣೆಗಳು, ಅಂದರೆ ಯೋಚನೆ, ಭಾಷೆ, ಲೆಕ್ಕ, ಬಹುಮಟ್ಟಿಗೆ ಹಾಗೇ ಉಳಿದಿರಬಹುದು. ಕೆಲವರಿಗೆ ಯೋಚನೆ ನಿಧಾನವಾಗುತ್ತದೆ, ಉತ್ಸಾಹ ಇಳಿಯುತ್ತದೆ, ಅದೂ ನಿಜ. ಯಾರಿಗೆ ಎಷ್ಟು ಎಂಬುದು ವಾಲಿದ ಬಾಯಿ ನೋಡಿದರೆ ಗೊತ್ತಾಗುವುದಿಲ್ಲ, ಕೂತು ಪರೀಕ್ಷಿಸಬೇಕು.

ವೀರೇಂದ್ರ ಪಾಟೀಲರನ್ನು ಹಾಗೆ ಕೂತು ನೋಡುವ ತಾಳ್ಮೆ 1990ರ ಅಕ್ಟೋಬರಿನಲ್ಲಿ ಯಾರಿಗೂ ಇರಲಿಲ್ಲ. ಅಡ್ವಾಣಿಯವರ ರಥಯಾತ್ರೆ ಸೆಪ್ಟೆಂಬರ್ 25ರಂದು ಸೋಮನಾಥದಿಂದ ಹೊರಟಿತ್ತು. ಕರ್ನಾಟಕದಲ್ಲಿ ದಾವಣಗೆರೆ, ಚನ್ನಪಟ್ಟಣ, ರಾಮನಗರದ ಕಡೆ ಕೋಮುಗಲಭೆ ಎದ್ದು ಜನ ಸತ್ತರು. ಮುಖ್ಯಮಂತ್ರಿ ಹಾಸಿಗೆ ಹಿಡಿದಿದ್ದಾರೆ. ಪಕ್ಷದೊಳಗೆ ಅವರನ್ನು ಇಳಿಸಲು ಕಾಯುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ. ಕಾಂಗ್ರೆಸ್ ಅಧ್ಯಕ್ಷ ರಾಜೀವ್ ಗಾಂಧಿ ಬಂದರು, ಗಲಭೆಯ ಊರುಗಳನ್ನು ನೋಡಿದರು, ಪಾಟೀಲರನ್ನೂ ಕಂಡರು. ದಿಲ್ಲಿಗೆ ಮರಳುವ ಮುನ್ನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ರಾಜ್ಯಕ್ಕೆ ಹೊಸ ಮುಖ್ಯಮಂತ್ರಿ ಬರುತ್ತಾರೆ ಎಂದು ಪತ್ರಕರ್ತರಿಗೆ ಹೇಳಿ ವಿಮಾನ ಹತ್ತಿದರು.

178 ಶಾಸಕರನ್ನು ಗೆಲ್ಲಿಸಿಕೊಂಡು ಬಂದವರ ಕುರ್ಚಿ ಹೀಗೆ ಹೋಯಿತು. ಪಾಟೀಲರು ತಾವು ಚೇತರಿಸಿಕೊಳ್ಳುತ್ತಿದ್ದೇವೆ, ಕೆಲಸ ಮಾಡಬಲ್ಲೆವು ಎಂದೇ ಹಟ ಹಿಡಿದರು, ತಾವಾಗಿ ರಾಜೀನಾಮೆ ಕೊಡಲು ಒಪ್ಪಲಿಲ್ಲ. ರಾಜ್ಯಪಾಲ ಭಾನುಪ್ರತಾಪ್ ಸಿಂಗ್ ವರದಿ ಕಳಿಸಿದರು. ಅಕ್ಟೋಬರ್ 10ರಂದು ರಾಷ್ಟ್ರಪತಿ ಆಡಳಿತ ಬಂತು. ಒಂದು ವಾರ ಅಷ್ಟೇ. 17ರಂದು ಎಸ್. ಬಂಗಾರಪ್ಪ ಪ್ರಮಾಣವಚನ ತೆಗೆದುಕೊಂಡರು.

ಈ ಭಾಗದಲ್ಲಿ ಅಜ್ಜನಿಗೂ ನನಗೂ ಜಗಳ. ಅಜ್ಜನ ಪ್ರಕಾರ ಅದು ಶುದ್ಧ ಅನ್ಯಾಯ, ಕಾಯಿಲೆ ಬಿದ್ದವನ ಹಾಸಿಗೆ ಎಳೆದಂತೆ. ನಾನು ಅಷ್ಟು ದೂರ ಹೋಗಲಾರೆ. ಊರು ಉರಿಯುತ್ತಿರುವಾಗ ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿ ಆದೇಶ ಕೊಡಬೇಕಾದ ಕುರ್ಚಿ ಅದು, ಗೋದಾಮಿನ ಲೆಕ್ಕದ ಕುರ್ಚಿಯಲ್ಲ. ಅಂಥ ಹೊತ್ತಿನಲ್ಲಿ ಬೇರೆಯವರು ಬೇಕು ಎಂದರೆ ಅದು ತಪ್ಪಲ್ಲ. ಆದರೆ ತಾತ್ಕಾಲಿಕವಾಗಿ ಒಬ್ಬರನ್ನು ಕೂರಿಸಿ, ಎರಡು ತಿಂಗಳು ಕಾದು ನೋಡುವ ದಾರಿ ಇರಲಿಲ್ಲವೇ? ಕಂಠಿಯವರು 1962ರಲ್ಲಿ ಮಾಡಿ ತೋರಿಸಿದ್ದರಲ್ಲ. ಅದೂ ಬಿಡಿ, ಹೇಳುವ ಮಾತನ್ನು ಅವರ ಮುಂದೆ ಕೂತು ಹೇಳಬಹುದಿತ್ತು, ವಿಮಾನ ನಿಲ್ದಾಣವೇ ಬೇಕಿತ್ತೇ? ಇದನ್ನು ಹೇಳಿದರೆ ಅಜ್ಜ, ನಿಮ್ಮ ಕಾಕಾನಿಗೆ ಎದುರಿಗೇ ಕೂರಿಸಿ ಚಹಾ ಕುಡಿಸಿ ಹೇಳಿದರಲ್ಲ, ನೋವು ಕಡಿಮೆಯಾಯಿತೇ ಎಂದು ಕೇಳುತ್ತಾರೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಉತ್ತರ ಕರ್ನಾಟಕದ ಲಿಂಗಾಯತರು ಕಾಂಗ್ರೆಸ್ಸಿನಿಂದ ದೂರವಾದದ್ದು ಆ ದಿನದಿಂದಲೇ ಎಂದು ನಮ್ಮ ಕಡೆ ಹಿರಿಯರು ಈಗಲೂ ಹೇಳುತ್ತಾರೆ. 1994ರ ಚುನಾವಣೆಯಲ್ಲಿ ಕಾಂಗ್ರೆಸ್ 178ರಿಂದ 34ಕ್ಕೆ ಇಳಿಯಿತು. ಐದು ವರ್ಷದಲ್ಲಿ ಪಾಟೀಲ, ಬಂಗಾರಪ್ಪ, ಮೊಯಿಲಿ ಎಂದು ಮೂವರು ಮುಖ್ಯಮಂತ್ರಿಗಳಾದದ್ದೂ ಕಾರಣವಿರಬೇಕು. ಪಾಟೀಲರಿಗೆ ಹಳೆಯ ಸ್ಥಾನ ಮತ್ತೆ ಸಿಗಲಿಲ್ಲ. 1997ರ ಮಾರ್ಚ್ 14ರಂದು, 73ನೇ ವಯಸ್ಸಿನಲ್ಲಿ ತೀರಿಕೊಂಡರು. ಅಂದರೆ ಲಕ್ವಾ ಹೊಡೆದ ಮೇಲೂ ಆರು ವರ್ಷಕ್ಕಿಂತ ಹೆಚ್ಚು ಬದುಕಿದ್ದರು. ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನ ಮಾತು.

ಅವರು ತೀರಿಕೊಳ್ಳುವ ವರ್ಷದ ಹಿಂದೆ, 1996ರ ಫೆಬ್ರುವರಿಯಲ್ಲಿ, ಒಂದು ಕಾನೂನು ಜಾರಿಗೆ ಬಂದಿತ್ತು. ಅಂಗವಿಕಲರ ಹಕ್ಕುಗಳ 1995ರ ಕಾಯ್ದೆ. ಅದರ 47ನೇ ಕಲಂ, ಈಗ ಅದರ ಜಾಗಕ್ಕೆ ಬಂದಿರುವ 2016ರ ಕಾಯ್ದೆಯ 20ನೇ ಕಲಂ, ಒಂದೇ ಮಾತು ಹೇಳುತ್ತವೆ. ಸರಕಾರಿ ಸಂಸ್ಥೆಯಲ್ಲಿ ಕೆಲಸದಲ್ಲಿರುವಾಗ ಯಾರಿಗಾದರೂ ವೈಕಲ್ಯ ಬಂದರೆ ಅವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಬೇರೆ ಕೆಲಸವೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯೊಂದನ್ನು ಸೃಷ್ಟಿಸಿ, ತಕ್ಕ ಜಾಗ ಸಿಗುವವರೆಗೆ ಇಲ್ಲವೇ ನಿವೃತ್ತಿಯವರೆಗೆ ಅದರಲ್ಲಿ ಇಟ್ಟುಕೊಳ್ಳಬೇಕು. ಮುಖ್ಯಮಂತ್ರಿ ನೌಕರರಲ್ಲ, ಅವರಿಗೆ ಇದು ಅನ್ವಯಿಸದು. ಕಾಕಾ ಸರಕಾರಿ ನೌಕರರಲ್ಲ, ಅವರಿಗೂ ಇಲ್ಲ. ಖಾಸಗಿಯವರಿಗೆ ಇ.ಎಸ್.ಐ. ಇದ್ದರೆ, ಕಾಯಿಲೆಯ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದೆಂದು ಆ ಕಾಯ್ದೆಯ 73ನೇ ಕಲಂ ಹೇಳುತ್ತಿತ್ತು. ಅದಕ್ಕೆ ಸಾಮಾನ್ಯವಾಗಿ ಹತ್ತು ಜನರಾದರೂ ಕೆಲಸಕ್ಕಿರಬೇಕು. ಕಾಕಾನ ಗೋದಾಮಿನಲ್ಲಿ ಇದ್ದದ್ದು ಏಳು ಜನ.

ಕೆಲಸ ಹುಡುಕುವಾಗ ನಾವು ಸಂಬಳ ಕೇಳುತ್ತೇವೆ, ಊರು ಯಾವುದು ಎಂದು ಕೇಳುತ್ತೇವೆ. ಕ್ಯಾಂಪಸ್ ಸಂದರ್ಶನಕ್ಕೆ ತಯಾರಿ ಮಾಡುವಾಗ ನಮ್ಮ ಕ್ಲಾಸಿನಲ್ಲಿ ಒಬ್ಬರೂ, ನಾನೂ ಸೇರಿ, ಇ.ಎಸ್.ಐ. ಇದೆಯೇ, ವಿಮೆ ಇದೆಯೇ, ಆರು ತಿಂಗಳು ಹಾಸಿಗೆ ಹಿಡಿದರೆ ಏನಾಗುತ್ತದೆ ಎಂದು ಕೇಳುವ ಯೋಚನೆ ಮಾಡಿರಲಿಲ್ಲ. ಈ ಸಲ ನಾನು ಬರೆದಿಟ್ಟುಕೊಂಡಿದ್ದೇನೆ, ಸಂದರ್ಶನದಲ್ಲಿ ಧೈರ್ಯ ಬರುತ್ತದೋ ಇಲ್ಲವೋ ನೋಡಬೇಕು.

ಕಾಕಾ ಈಗ ಊರಲ್ಲೇ ಒಂದು ಗೊಬ್ಬರದ ಅಂಗಡಿಯಲ್ಲಿ ಮಧ್ಯಾಹ್ನದ ಮೇಲೆ ಲೆಕ್ಕ ಬರೆಯುತ್ತಾರೆ. ಸಂಬಳ ಮೊದಲಿನ ಅರ್ಧ. ಎಡಗೈಯಿಂದ ಪುಸ್ತಕ ಒತ್ತಿ ಹಿಡಿಯಲು ಆಗುವುದಿಲ್ಲ, ಹಾಳೆ ಫ್ಯಾನಿನ ಗಾಳಿಗೆ ಹಾರುತ್ತದೆ ಎಂದು ಅಂಗಡಿಯವರು ತೂಕದ ಕಲ್ಲೊಂದನ್ನು ಅವರ ಟೇಬಲ್ಲಿಗೇ ಬಿಟ್ಟಿದ್ದಾರೆ, ಎರಡು ಕಿಲೋದ್ದು. ಮೊನ್ನೆ ಹೋದಾಗ ಅದು ಪುಸ್ತಕದ ಮೇಲಿರಲಿಲ್ಲ. ಕಾಕಾ ಅದನ್ನು ಎಡಗೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡುತ್ತಿದ್ದರು, ನನ್ನನ್ನು ನೋಡಿ ನಾಚಿ ಕೆಳಗಿಟ್ಟರು.